ತುಪ್ಪದ ಮಂಡಿ ಮತ್ತು ಬಿಸಿ ಅಂಗೈ

ನಾನು ಡಾಕ್ಟರ ಹತ್ತಿರ ಹೋಗಿದ್ದು ಕಾಲು ಉಳುಕಿದ್ದಕ್ಕೆ. ಅವರು ಕಾಲನ್ನು ಸರಿಯಾಗಿ ನೋಡಲೇ ಇಲ್ಲ. ನನ್ನ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣಿನ ರೆಪ್ಪೆಯ ಮೂಲೆಯಲ್ಲಿದ್ದ ಹಳದಿ ಗಂಟನ್ನು ಬೆರಳಿನಿಂದ ಒತ್ತಿ, "ಇದು ಯಾವಾಗಿನಿಂದ ಇದೆ?" ಎಂದರು.

"ಅದೇನಿಲ್ಲ ಡಾಕ್ಟ್ರೆ, ನಮ್ಮಣ್ಣಂಗೂ ಇತ್ತು. ತುಪ್ಪದ ಮನೆಯೋರಿಗೆ ಬರೋ ಕಳೆ ಅಂತಾರೆ ನಮ್ಮನೇಲಿ. ನೀವು ಕಾಲು ನೋಡಿ."

"ನಿಮ್ಮಣ್ಣ ಈಗೆಲ್ಲಿದಾರೆ?"

"ಹೋಗ್ಬಿಟ್ರು. ತುಪ್ಪದ ಮಂಡೀಲೇ, ಕೂತಿದ್ದ ಹಾಗೇ ಎದೆ ಹಿಡ್ಕೊಂಡು."

ಅಣ್ಣ ಹೋದಾಗ ಅವರಿಗೆಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ಹೇಳಿದೆ. ನನಗೆಷ್ಟು ಎಂದು ಕೇಳಿದರು. ಅದನ್ನೂ ಹೇಳಿದೆ. ಬರುವ ಯುಗಾದಿಗೆ ನಾನೂ ಅಣ್ಣನ ಆ ವಯಸ್ಸಿಗೆ ಬರುತ್ತಿದ್ದೆ. ಡಾಕ್ಟರು ಕಾಲಿಗೆ ಒಂದು ಪಟ್ಟಿ ಸುತ್ತಿಸಿ, ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಉಳುಕು ತಾನಾಗಿಯೇ ವಾಸಿಯಾಯಿತು. ಉಳಿದದ್ದು ಆ ಚೀಟಿಯಿಂದ ಶುರುವಾದ ರಗಳೆ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೊಲೆಸ್ಟರಾಲ್ ಎನ್ನುವ ಮಾತನ್ನು ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ರಕ್ತದಲ್ಲಿ ಅದು ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ ಇದೆ, ನೆಣದಂಥ ವಸ್ತು, ರಕ್ತನಾಳದೊಳಗೆ ಕೂರುತ್ತದೆ ಎಂದು ಡಾಕ್ಟರು ವಿವರಿಸಿದರು. ಮೊದಲು ತುಪ್ಪ ಬಿಡಿ ಎಂದರು. ತುಪ್ಪದ ಮಂಡಿಯವನಿಗೆ ತುಪ್ಪ ಬಿಡಲು ಹೇಳುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಬಿಟ್ಟೆ. ಅನ್ನಕ್ಕೆ ಇಲ್ಲ, ಒಬ್ಬಟ್ಟಿಗೆ ಇಲ್ಲ, ದೋಸೆಗೂ ಇಲ್ಲ. ಹೆಂಡತಿ ಬಡಿಸುವಾಗ ತುಪ್ಪದ ಮಿಳ್ಳೆ ಹಿಡಿದುಕೊಂಡು ಬಂದು, ನೆನಪಾಗಿ, ಮುಖ ಸಣ್ಣದು ಮಾಡಿಕೊಂಡು ಹಿಂದಕ್ಕೆ ಹೋಗುತ್ತಿದ್ದಳು. ಇಷ್ಟೆಲ್ಲ ಮಾಡಿ ಮತ್ತೆ ರಕ್ತ ಕೊಟ್ಟರೆ ಏನೂ ಇಳಿದಿರಲಿಲ್ಲ.

"ನಿಜವಾಗಿ ಬಿಟ್ಟಿದೀರಾ?" ಎಂದರು ಡಾಕ್ಟರು.

"ಲಿಂಗ ಮುಟ್ಟಿ ಹೇಳ್ತೀನಿ."

"ಮಂಡೀಲಿ ಏನು ಕೆಲಸ ನಿಮ್ದು?"

ಅಲ್ಲಿಯವರೆಗೆ ಅವರು ಅದನ್ನು ಕೇಳಿರಲಿಲ್ಲ, ನಾನೂ ಮಂಡಿಯಲ್ಲಿ ವ್ಯಾಪಾರ ಎಂದಷ್ಟೇ ಹೇಳಿದ್ದೆ. ಈಗ ವಿವರಿಸಿದೆ. ಬಳೇಪೇಟೆಯ ಮಂಡಿಗೆ ಹಳ್ಳಿಗಳ ಕಡೆಯಿಂದ ಡಬ್ಬಗಳಲ್ಲಿ ತುಪ್ಪ ಬರುತ್ತದೆ. ನಾನು ಗಾದಿಯ ಮೇಲೆ ಕೂತು ಪ್ರತಿ ಡಬ್ಬವನ್ನೂ ನೋಡಿ, ಶುದ್ಧ ಅಥವಾ ಅಲ್ಲ ಎಂದು ಹೇಳಬೇಕು. ಉದ್ದನೆಯ ಹಿತ್ತಾಳೆ ಕೊಳವೆಯನ್ನು ಡಬ್ಬದ ತಳದವರೆಗೆ ಇಳಿಸಿ ತುಪ್ಪ ತೆಗೆಯಬೇಕು, ಏಕೆಂದರೆ ಮೇಲೆ ಒಳ್ಳೆಯದು ಹಾಕಿ ತಳಕ್ಕೆ ಕಲಬೆರಕೆ ತುಂಬುವವರಿದ್ದಾರೆ. ಕಡಲೆಕಾಳಿನಷ್ಟನ್ನು ಅಂಗೈ ಮೇಲಿಟ್ಟು ನೋಡುತ್ತಿರಬೇಕು. ಒಳ್ಳೆಯ ತುಪ್ಪ ಅಂಗೈಯ ಬಿಸಿಗೇ ಅಂಚಿನಿಂದ ಕರಗುತ್ತ ಬರುತ್ತದೆ, ಹರಳು ಮೆತ್ತಗಾಗಿ ಎಣ್ಣೆಯಾಗುತ್ತದೆ. ವನಸ್ಪತಿ ಬೆರೆತಿದ್ದರೆ ಮೇಣದ ಹಾಗೆ ಕೂತೇ ಇರುತ್ತದೆ. ಆಮೇಲೆ ಎರಡೂ ಕೈ ಉಜ್ಜಿ ಮೂಸಬೇಕು. ಕೊನೆಗೆ ನಾಲಿಗೆಗೆ ಇಟ್ಟು ನೋಡಬೇಕು.

"ನಾಲಿಗೆಗೆ ಇಟ್ಟು?" ಡಾಕ್ಟರು ಕನ್ನಡಕ ತೆಗೆದರು. "ಪ್ರತಿ ಡಬ್ಬಕ್ಕೂ?"

"ಹೌದು ಸ್ವಾಮಿ."

"ಆಮೇಲೆ ಉಗೀತೀರಾ?"

"ತುಪ್ಪಾನ ಯಾರಾದ್ರೂ ಉಗೀತಾರಾ?"

"ಮತ್ತೆ ತುಪ್ಪ ಬಿಟ್ಟಿದೀನಿ ಅಂದ್ರಲ್ಲ ಮಾರಾಯ್ರೆ!"

"ತಿನ್ನೋದು ಬಿಟ್ಟಿದೀನಿ. ಇದು ಕೆಲಸ."

ನಾನು ತಮಾಷೆ ಮಾಡುತ್ತಿರಲಿಲ್ಲ. ಶಿವರಾತ್ರಿಯ ಉಪವಾಸದ ದಿನವೂ ಅಣ್ಣ ಗಾದಿಯ ಮೇಲೆ ಕೂತು ತುಪ್ಪ ನೋಡಿದ್ದಾರೆ, ಉಪವಾಸ ಮುರಿಯಿತೆಂದು ನಮ್ಮ ಸ್ವಾಮಿಗಳೂ ಹೇಳಿರಲಿಲ್ಲ. ಮಂಡಿಯಲ್ಲಿ ನಾಲಿಗೆಗೆ ತಾಗಿದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಬಳೇಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಡಾಕ್ಟರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಮೇಜಿನ ಮೇಲೆ ಎರಡೂ ಮೊಣಕೈ ಊರಿ ತಲೆ ಹಿಡಿದುಕೊಂಡರು.

ಅಂದು ಎರಡು ಅಪ್ಪಣೆಯಾದವು. ಒಂದು, ಇನ್ನು ಮೇಲೆ ತುಪ್ಪ ನಾಲಿಗೆಗೆ ತಾಗಕೂಡದು. ಎರಡು, ಊಟದ ಜೊತೆ ದಿನಕ್ಕೆ ಮೂರು ಸಲ ಮಾತ್ರೆ. ಮಾತ್ರೆ ಹಳೆಯದೇ, ವಿಟಮಿನ್ನು. ಅದನ್ನೇ ಬಹಳ ಜಾಸ್ತಿ ತೆಗೆದುಕೊಂಡರೆ ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಈಚೆಗೆ ಗೊತ್ತಾಗಿದೆಯಂತೆ.

"ಇಳಿದ್ರೆ ಅಣ್ಣಂಗಾದ ಹಾಗೆ ಆಗಲ್ವಾ?" ಎಂದು ಕೇಳಿದೆ.

"ಆಗಲ್ಲ ಅಂತ ಬರ್ಕೊಡಕ್ಕಾಗಲ್ಲ. ಈ ಮಾತ್ರೇನ ಇದಕ್ಕೆ ಕೊಡೋದು ಇನ್ನೂ ಹೊಸದು. ಇಳೀದೇ ಇದ್ರೆ ಒಳ್ಳೇದಲ್ಲ, ಅಷ್ಟು ಹೇಳ್ಬಲ್ಲೆ."

ನನಗೆ ಮೈಯೆಲ್ಲ ಉರಿಯಿತು. ಇದೆಂಥ ಮಾತು? ನಾನು ಗಾದಿಯ ಮೇಲೆ ಕೂತು, 'ಈ ತುಪ್ಪ ಶುದ್ಧ ಇದ್ದರೂ ಇರಬಹುದು, ಬರೆದುಕೊಡಲಾರೆ' ಎಂದರೆ ಮಂಡಿಯ ಒಡೆಯರಾದ ಸಾಹುಕಾರರು ಅಂದೇ ಮನೆಗೆ ಕಳಿಸುತ್ತಿದ್ದರು. ಡಾಕ್ಟರಿಗೆ ಮಾತ್ರ ಹೀಗೆ ಹೇಳಿ ಫೀಸು ತೆಗೆದುಕೊಳ್ಳುವ ಭಾಗ್ಯ.

ಮನೆಗೆ ಬಂದು ಹೇಳಿದ್ದೇ ತಡ, ಕಂಡಕಂಡವರೆಲ್ಲ ವೈದ್ಯರಾದರು. ಪಕ್ಕದ ಬೀದಿಯ ಪಂಡಿತರು, ಹಸುವಿನ ತುಪ್ಪವೇ ಆಯಸ್ಸು, ಬಿಟ್ಟಿದ್ದೇ ತಪ್ಪು ಎಂದರು. ಮಂಡಿಯ ಸಾಹುಕಾರರು, ಬೆಳಿಗ್ಗೆ ಹಸಿ ಬೆಳ್ಳುಳ್ಳಿ ಜಗಿ, ಎಲ್ಲ ಸರಿಹೋಗುತ್ತದೆ ಎಂದರು. ಹೆಂಡತಿ ಅತ್ತಳು. ಅತ್ತಿಗೆಮ್ಮ, ಎಂದರೆ ಅಣ್ಣನ ಹೆಂಡತಿ, ನನ್ನನ್ನು ಎಳೆವಯಸ್ಸಿನಿಂದ ಸಾಕಿ ಬೆಳೆಸಿದವರು, ನನ್ನ ಕೈಯಿಂದ ಮಾತ್ರೆಯ ಸೀಸೆ ತೆಗೆದುಕೊಂಡು ದೇವರ ಮುಂದಿಟ್ಟು, ವಿಭೂತಿ ಹಚ್ಚಿ, "ನಾಳೆಯಿಂದ ನುಂಗು" ಎಂದರು. ಅಷ್ಟು ಹೇಳಿ ಅಡುಗೆಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ತಿಂಡಿಯ ಜೊತೆ ಮಾತ್ರೆ ನುಂಗಿ ಹೊರಟೆ. ಮಾರ್ಕೆಟ್ಟು ದಾಟುವ ಹೊತ್ತಿಗೆ ಕಿವಿ ಬಿಸಿಯಾಗತೊಡಗಿತು. ಬಳೇಪೇಟೆ ಸೇರುವಷ್ಟರಲ್ಲಿ ಮುಖ, ಕತ್ತು, ಎದೆ, ತೋಳು ಎಲ್ಲ ಮೆಣಸಿನಪುಡಿ ಸವರಿದ ಹಾಗೆ ಉರಿ, ಕಡಿತ. ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಕೆಂಪು ದಾಸವಾಳ. ಹೀಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಇಷ್ಟಾಗುತ್ತದೆ ಎಂದು ಹೇಳಿರಲಿಲ್ಲ. ಅಂದು ತಿಪಟೂರು ಕಡೆಯ ಒಬ್ಬ ವ್ಯಾಪಾರಿ ನನ್ನ ಮುಖ ನೋಡಿ, ತನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡು, ನಾನು ಬಾಯಿ ಬಿಡುವ ಮೊದಲೇ ಬೆಲೆ ಇಳಿಸಿಬಿಟ್ಟ. ಸಾಹುಕಾರರಿಗೆ ಖುಷಿಯೋ ಖುಷಿ.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಡಾಕ್ಟರ ಮಾತಿನಂತೆ ನಾನು ನಾಲಿಗೆಗೆ ಇಡುವುದನ್ನು ನಿಲ್ಲಿಸಿ ಅಂಗೈ ಮತ್ತು ಮೂಗಿನ ಮೇಲೆಯೇ ಕೆಲಸ ಸಾಗಿಸುತ್ತಿದ್ದೆ. ಬಸವನಗುಡಿಯ ಒಂದು ದೊಡ್ಡ ಮದುವೆಗೆ ನಾನೇ ನೋಡಿ ಶುದ್ಧ ಎಂದ ಡಬ್ಬಗಳು ಹೋಗಿದ್ದವು. ಮದುವೆಯ ಹಿಂದಿನ ದಿನವೇ ಅವು ಕೈಗಾಡಿಯ ಮೇಲೆ, ಬೀದಿಯವರೆಲ್ಲ ನೋಡುವ ಹಾಗೆ, ವಾಪಸು ಬಂದವು. ಜೊತೆಗೆ ಅಡುಗೆಯವರೇ ಬಂದಿದ್ದರು.

"ಏನ್ ಸ್ವಾಮಿ ಇದು? ಒಬ್ಬಟ್ಟಿಗೆ ಹಾಕಿ ರುಚಿ ನೋಡಿದ್ರೆ ಅಂಗುಳಿಗೆ ಅಂಟ್ಕೊಂಡು ಬಿಡಲ್ಲ ಅಂತದೆ. ನಿಮ್ಮಣ್ಣ ಇದ್ದಾಗ ಹಿಂಗೆ ಒಂದು ದಿನಾನೂ ಆಗಿರ್ಲಿಲ್ಲ!"

ಸಾಹುಕಾರರು ನನ್ನನ್ನು ನೋಡಿದರು. ನಾನು ಡಬ್ಬ ತೆಗೆಸಿ, ಕೊಳವೆ ಇಳಿಸಿ, ಎಲ್ಲರ ಎದುರಿಗೇ ಅಂಗೈ ಮೇಲಿಟ್ಟೆ. ಲಕ್ಷಣವಾಗಿ ಕರಗಿತು. "ನೋಡಿ!" ಎಂದೆ. ಅಡುಗೆಯವರು ಅದೇ ತುಪ್ಪವನ್ನು ತಮ್ಮ ಅಂಗೈ ಮೇಲಿಟ್ಟುಕೊಂಡರು. ಅದು ಕೂತೇ ಇತ್ತು.

ಆ ರಾತ್ರಿ ಊಟ ರುಚಿಸಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗದೆ ಬೇಗ ಮಂಡಿಗೆ ಹೋದೆ. ವಾಪಸು ಬಂದ ತುಪ್ಪವನ್ನೂ, ನಿಸ್ಸಂದೇಹವಾಗಿ ಒಳ್ಳೆಯದೆಂದು ಗೊತ್ತಿದ್ದ ತುಪ್ಪವನ್ನೂ ಪಕ್ಕಪಕ್ಕದಲ್ಲಿ ಅಂಗೈ ಮೇಲಿಟ್ಟುಕೊಂಡೆ. ಒಂದು ಕರಗಿತು, ಇನ್ನೊಂದು ಮೇಣದ ಹಾಗೆ ನಿಂತಿತು. ಆಮೇಲೆ ಕಟ್ಟಿಕೊಂಡು ಬಂದಿದ್ದ ತಿಂಡಿ ತಿಂದು ಮಾತ್ರೆ ನುಂಗಿ ಕಾದೆ. ಮುಖ ಉರಿಯತೊಡಗಿದ ಮೇಲೆ ಮತ್ತೆ ಎರಡನ್ನೂ ಇಟ್ಟುಕೊಂಡೆ. ಎರಡೂ ನೀರಿನಂತೆ ಹರಿದು ಮಣಿಕಟ್ಟಿಗೆ ಇಳಿದವು.

ಮಾತ್ರೆ ನನ್ನ ಅಂಗೈಯನ್ನು ಬಾಣಲೆ ಮಾಡಿತ್ತು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದಿದ್ದ ತಕ್ಕಡಿ ಅದೊಂದೇ. ಅದೇ ಕೆಟ್ಟುಹೋಗಿತ್ತು. ನನಗೆ ನಗು ಬಂತು, ಅಳುವೂ ಬಂತು, ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂತು.

ಆಮೇಲೆ ನಾನು ಮಾಡದ ಕಸರತ್ತಿಲ್ಲ. ತಣ್ಣೀರಿನ ಚೊಂಬು ಹಿಡಿದುಕೊಂಡು ಅಂಗೈ ತಣಿಸಿ, ಒರೆಸಿ, ತುಪ್ಪ ಇಟ್ಟುಕೊಂಡೆ. ಆಗ ಒಳ್ಳೆಯ ತುಪ್ಪವೂ ಕರಗಲಿಲ್ಲ. ಕಲಬೆರಕೆ ಎಂದು ವಾಪಸು ಕಳಿಸಿದೆ. ಆ ವ್ಯಾಪಾರಿ ಸಭ್ಯ ಮನುಷ್ಯ, ನಮ್ಮ ಮಂಡಿಗೆ ಹಳಬ. ಬಾಗಿಲಲ್ಲಿ ನಿಂತು ನನ್ನ ವಂಶವನ್ನೆಲ್ಲ ಜಾಲಾಡಿ ಹೋದ. ಮಂಡಿ ನಡೆಯುವ ಹೊತ್ತಿನ ಮಾತ್ರೆಗಳನ್ನು ಬಿಟ್ಟು ರಾತ್ರಿಯದನ್ನು ಮಾತ್ರ ನುಂಗಿ ನೋಡಿದೆ. ಕೆಲವು ದಿನ ಕೈ ಸರಿಯಿತ್ತು, ರಕ್ತ ಮಾತ್ರ ಇಳಿಯಲಿಲ್ಲ. ಮತ್ತೆ ಮೂರೂ ಹೊತ್ತು ಶುರು ಮಾಡಿದಾಗ ಉರಿ ಮೊದಲಿಗಿಂತ ಹೆಚ್ಚಾಯಿತು.

"ಬಿಟ್ಟು ಬಿಟ್ಟು ತಗೊಂಡ್ರೆ ಮೈ ಒಗ್ಗೋದೇ ಇಲ್ಲ ಕಣ್ರೀ," ಎಂದು ಡಾಕ್ಟರು ರೇಗಿದರು. "ತಗೊಂಡ್ರೆ ಸರಿಯಾಗಿ ತಗೊಳ್ಳಿ. ಇಲ್ಲಾಂದ್ರೆ ನನ್ನ ಹತ್ರ ಬರ್ಬೇಡಿ."

"ಯಾವಾಗ ಒಗ್ಗುತ್ತೆ ಅಂತನಾದ್ರೂ ಹೇಳಿ."

"ಕೆಲವರಿಗೆ ಬೇಗ, ಕೆಲವರಿಗೆ ನಿಧಾನ. ಕೆಲವರಿಗೆ ಒಗ್ಗಲ್ಲ."

ಮತ್ತೆ ಅದೇ ರಾಗ. ನಾನೂ ರೇಗಿದೆ. ಅಲ್ಲಿ ಕೂತಿದ್ದ ರೋಗಿಗಳೆಲ್ಲ ನಮ್ಮಿಬ್ಬರ ಜಗಳ ಕೇಳಿ ತಮ್ಮ ನೋವು ಮರೆತಂತೆ ಕಂಡರು.

ಕಲಬೆರಕೆ ಕಂಡುಹಿಡಿಯಲು ಬೇರೆ ದಾರಿ ಇರಲಿಲ್ಲವೆಂದಲ್ಲ. ಸೀಸೆಯಲ್ಲಿ ತುಪ್ಪ ಕರಗಿಸಿ, ಸಕ್ಕರೆ, ಆಸಿಡ್ಡು ಹಾಕಿ ಅಲ್ಲಾಡಿಸಿದರೆ ವನಸ್ಪತಿ ಇದ್ದಾಗ ಕೆಂಪು ಬಣ್ಣ ಬರುತ್ತದೆ. ಅದನ್ನು ಹೇಳಿದಾಗ ಸಾಹುಕಾರರು ಎದ್ದು ನಿಂತರು.

"ಗಾದಿ ಮೇಲೆ ಆಸಿಡ್ ಸೀಸೆ ಇಡ್ತೀಯಾ? ಅಂಗೈ ಮೇಲೆ ನೋಡಿದ್ರೆ ಮರ್ಯಾದೆ. ಸೀಸೆ ತೆಗೆದ್ರೆ ಪೊಲೀಸ್ನೋರು ಬಂದ ಹಾಗೆ. ನಾಳೆಯಿಂದ ಒಬ್ಬ ವ್ಯಾಪಾರೀನೂ ಈ ಮೆಟ್ಲು ಹತ್ತಲ್ಲ." ಮತ್ತೆ ಕೂತು, ಮೆತ್ತಗೆ, "ನೋಡಪ್ಪಾ, ನಿಮ್ಮಣ್ಣನ್ನ ನೋಡಿ ನಿನ್ನ ಕೂರಿಸ್ದೆ. ಮಾತ್ರೆ ಬೇಕೋ ಗಾದಿ ಬೇಕೋ, ನೀನೇ ನಿರ್ಧಾರ ಮಾಡ್ಕೊ," ಎಂದರು.

ಅಂದಿನಿಂದ ಮಾತ್ರೆ ನಿಲ್ಲಿಸಿದೆ. ಊಟದ ಹೊತ್ತಿಗೆ ಸೀಸೆಯಿಂದ ತೆಗೆದು, ನುಂಗಿದ ಹಾಗೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನಾನು ಯೋಚಿಸಿದ್ದು ಇಷ್ಟೇ: ಬದುಕುತ್ತೇನೋ ಇಲ್ಲವೋ ಎಂದು ಡಾಕ್ಟರೂ ಬರೆದುಕೊಡುವುದಿಲ್ಲ. ಗಾದಿ ಹೋದರೆ ಬದುಕುವುದು ಹೇಗೆಂಬುದಂತೂ ನನಗೆ ಗೊತ್ತಿರಲಿಲ್ಲ. ಅಂಗೈ ಮೊದಲಿನಂತಾಯಿತು. ಮಂಡಿ ನಡೆಯಿತು. ಯುಗಾದಿ ಹತ್ತಿರ ಬರುತ್ತಿತ್ತು. ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಏನೋ ಹಿಡಿದ ಹಾಗಾದರೆ ಅದು ನಿಜವೋ ನನ್ನ ಭಯವೋ ತಿಳಿಯುತ್ತಿರಲಿಲ್ಲ. ಭಯವಂತೂ ಇತ್ತು, ಸುಳ್ಳು ಹೇಳುವುದಿಲ್ಲ.

ಒಂದು ದಿನ ತಿಂಡಿಯಾದ ಮೇಲೆ ಅತ್ತಿಗೆಮ್ಮ ನನ್ನೆದುರಿಗೆ ಕೂತು, ಮುಖವನ್ನೇ ನೋಡುತ್ತಿದ್ದರು. ನಾನು ಹೊರಡಲು ಎದ್ದರೆ, "ಕೂತ್ಕೋ," ಎಂದರು. ಸುಮಾರು ಹೊತ್ತು ಕೂತಿದ್ದೆವು.

"ಈಚೆಗೆ ಯಾಕೆ ನಿನ್ನ ಮುಖ ಕೆಂಪಗಾಗ್ತಿಲ್ಲ?"

ಅವರು ಕೈ ಚಾಚಿದರು. ಜೇಬಿನಿಂದ ಮಾತ್ರೆ ತೆಗೆದು ಕೊಡಲೇಬೇಕಾಯಿತು. ಆಮೇಲೆ ಸಿಟ್ಟಿನಲ್ಲಿ ಎಲ್ಲವನ್ನೂ ಕಕ್ಕಿದೆ. ಬಸವನಗುಡಿಯ ಡಬ್ಬಗಳು, ತಣ್ಣೀರಿನ ಚೊಂಬು, ಸಾಹುಕಾರರ ಮಾತು, ಯಾವುದನ್ನೂ ಬಿಡಲಿಲ್ಲ. "ನಾನೇನು ಮಾಡ್ಲಿ ಹೇಳಿ ಅತ್ತಿಗೆಮ್ಮ! ಅಂಗೈ ಇಲ್ದೆ ನಾನ್ಯಾರು ಆ ಮಂಡೀಲಿ?" ಎಂದು ಕೂಗಿಬಿಟ್ಟೆ. ಅವರ ಮುಂದೆ ನಾನು ಹಾಗೆ ದನಿ ಎತ್ತಿದವನಲ್ಲ.

ಅವರು ಮಾತ್ರೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಮುಂದಿಟ್ಟರು.

"ಅಂಗೈ ತಾನೆ ಬೇಕಾಗಿರೋದು? ನಂದಿದೆಯಲ್ಲ."

"ನಿಮ್ದಾ?" ಎಂದೆ.

"ನಿಮ್ಮಣ್ಣ ಅನುಮಾನ ಬಂದ ತುಪ್ಪಾನ ದೊನ್ನೇಲಿ ಹಾಕ್ಕೊಂಡು ಮನೆಗೆ ತರ್ತಿದ್ರು. ಬಿಸಿಲಲ್ಲಿ ಬಂದು ನನ್ನ ಕೈ ಕಾದಿದೆ, ನಿನ್ನ ಕೈ ಕೊಡು ಅಂತ ನನ್ನ ಅಂಗೈ ಮೇಲಿಟ್ಟು ನೋಡ್ತಿದ್ರು. ನಿಂಗೇನು ಗೊತ್ತು, ನೀನಾಗ ಬುಗುರಿ ಆಡ್ತಿದ್ದೆ. ನುಂಗು ಮೊದ್ಲು."

ನುಂಗಿದೆ. ಅದೇ ನಿರ್ಧಾರ. ಡಾಕ್ಟರ ವಾದಕ್ಕೂ ಹೆಂಡತಿಯ ಕಣ್ಣೀರಿಗೂ ಬಗ್ಗದಿದ್ದವನು ಅತ್ತಿಗೆಮ್ಮನ ಎರಡು ಮಾತಿಗೆ ನುಂಗಿದೆ.

ಸಾಹುಕಾರರನ್ನು ಒಪ್ಪಿಸುವುದು ನನ್ನಿಂದಾಗಲಿಲ್ಲ. "ಹೆಂಗಸ್ರ ಕೈ ಮೇಲೆ ಮಂಡಿ ನಡೆಸೋದಾ? ಪೇಟೆಯೋರು ನಗಲ್ವಾ?" ಎಂದು ಅವರದು ಒಂದೇ ಹಟ. ಕೊನೆಗೆ ಅತ್ತಿಗೆಮ್ಮನೇ ನನ್ನ ಜೊತೆ ಬಳೇಪೇಟೆಗೆ ನಡೆದು ಬಂದು, ಒಳಕೋಣೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತರು.

"ಸಾಹುಕಾರ್ರೆ, ಒಬ್ಬರನ್ನ ನಿಮ್ಮ ಗಾದಿ ಮೇಲೇ ಕಳ್ಕೊಂಡಿದೀನಿ. ಇನ್ನೊಬ್ಬನ್ನ ಕೊಡಲ್ಲ. ನನ್ನ ಕೈ ತಪ್ಪು ಹೇಳಿದ ದಿನ ಇಬ್ರನ್ನೂ ಮನೆಗೆ ಕಳ್ಸಿ."

ಸಾಹುಕಾರರು ಕೆಮ್ಮಿದರು, ಟೋಪಿ ಸರಿಮಾಡಿಕೊಂಡರು, ಒಂದು ಮಣೆ ತರಿಸಿ ಒಳಕೋಣೆಯಲ್ಲಿ ಹಾಕಿಸಿದರು.

ಮೊದಲ ದಿನ ಬಂದ ವ್ಯಾಪಾರಿ, ನಾನು ದೊನ್ನೆಯಲ್ಲಿ ತುಪ್ಪ ಹಿಡಿದು ಒಳಗೆ ಹೋಗಿ ಬರುವುದನ್ನು ಕಂಡು, "ಒಳಗೇನು ದೇವರಿಗೆ ನೈವೇದ್ಯ ಮಾಡ್ತೀರಾ?" ಎಂದು ನಕ್ಕ. ಅತ್ತಿಗೆಮ್ಮ ಕಡಲೆಹಿಟ್ಟಿನಲ್ಲಿ ಕೈ ತೊಳೆದು ಒರೆಸಿಕೊಂಡು ಕೂತಿದ್ದರು. ಅವರ ಅಂಗೈ ಮೇಲೆ ಇಟ್ಟು ಇಬ್ಬರೂ ನೋಡಿದೆವು. ಮೊದಲ ಕೆಲವು ಡಬ್ಬಗಳದು ಅಂಚಿನಿಂದ ಕರಗಿತು. ಆಮೇಲೆ ಒಂದು ಕರಗಲಿಲ್ಲ. ನನ್ನ ಕಣ್ಣಿಗೂ ಅದು ಸ್ಪಷ್ಟವಾಗಿತ್ತು. ಅವರು ಬೆರಳಿನಿಂದ ತೀಡಿ, ನಾಲಿಗೆಗೆ ಇಟ್ಟುಕೊಂಡು, "ಕೂತೇ ಇದೆ. ವಾಪಸ್ ಕಳ್ಸು," ಎಂದರು. ನಾನು ಹೊರಗೆ ಬಂದು ಹೇಳಿದಾಗ ವ್ಯಾಪಾರಿಯ ನಗು ನಿಂತಿತು. ಹೆಚ್ಚು ವಾದಿಸದೆ ಆ ಡಬ್ಬವನ್ನು ಪಕ್ಕಕ್ಕಿಟ್ಟ.

ಹಾಗೆ ನಡೆಯಿತು. ಪೇಟೆಯವರು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಬಸವನಗುಡಿಯ ಅಡುಗೆಯವರು ಮತ್ತೆ ನಮ್ಮ ಡಬ್ಬಗಳನ್ನೇ ಕೇಳಿ ಕಳಿಸಿದರು. ನಾನು ಮೂರೂ ಹೊತ್ತು ಮಾತ್ರೆ ನುಂಗಿ, ಕೆಂಪು ಮುಖ ಹೊತ್ತು, ಮೈ ಕೆರೆದುಕೊಂಡು ಗಾದಿಯ ಮೇಲೆ ಕೂರುತ್ತಿದ್ದೆ. ಅತ್ತಿಗೆಮ್ಮ ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು, ಮಕ್ಕಳಿಗೆ ಜ್ವರ ನೋಡುವ ಹಾಗೆ ಬೆರಳ ಹಿಂಬದಿಯಿಂದ ನನ್ನ ಅಂಗೈ ಮುಟ್ಟಿ ನೋಡುತ್ತಿದ್ದರು. ಬಿಸಿಯಾಗಿದ್ದರೆ ಮಾತ್ರೆ ಹೊಟ್ಟೆಗೆ ಹೋಗಿದೆ ಎಂದರ್ಥ. ನನ್ನ ಮಾತನ್ನು ಅವರು ಇನ್ನು ನಂಬುವ ಹಾಗಿರಲಿಲ್ಲ.

ಯುಗಾದಿ ಬಂತು, ಬೇವು ಬೆಲ್ಲ ತಿಂದೆವು. ಮುಂದಿನ ಯುಗಾದಿಯೂ ಬಂತು. ಅಣ್ಣ ಕಾಣದ ವಯಸ್ಸಿಗೆ ನಾನು ಬಂದಿದ್ದೆ. ರಕ್ತದ ಕೊಲೆಸ್ಟರಾಲ್ ಇಳಿದಿತ್ತು. ಡಾಕ್ಟರು ಆಗಲೂ ಏನನ್ನೂ ಬರೆದುಕೊಡಲಿಲ್ಲ, ಆದರೆ ನಕ್ಕರು. ಉರಿಯೂ ನಿಧಾನವಾಗಿ ಕಡಿಮೆಯಾಗುತ್ತ ಬಂದು, ಒಂದು ಬೆಳಿಗ್ಗೆ ಪೂರ್ತಿ ನಿಂತೇಹೋಯಿತು. ನಾನು ಗಾದಿಯ ಮೇಲೆ ಕೂತು ಗುಟ್ಟಾಗಿ ಕಲಬೆರಕೆ ತುಪ್ಪವನ್ನು ಅಂಗೈ ಮೇಲಿಟ್ಟುಕೊಂಡೆ. ಅದು ಕರಗದೆ ಕೂತಿತ್ತು. ಮೈ ಒಗ್ಗಿತ್ತು. ನನ್ನ ಅಂಗೈ ನನಗೆ ವಾಪಸು ಬಂದಿತ್ತು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಒಳಕೋಣೆಗೆ ಓಡಿ, "ಅತ್ತಿಗೆಮ್ಮ, ನೋಡಿ!" ಎಂದು ಕೈ ಚಾಚಿದೆ.

ಅವರು ಮುಟ್ಟಿದರು. ಮುಖ ಬಿಳುಪೇರಿತು.

"ಮಾತ್ರೆ ನುಂಗಿಲ್ಲ ನೀನು."

"ನುಂಗಿದೀನಿ. ಒಗ್ಗಿದೆ ಅಷ್ಟೆ. ಡಾಕ್ಟ್ರು ಹೇಳಿದ್ರಲ್ಲ, ಕೆಲವರಿಗೆ ನಿಧಾನವಾಗಿ ಒಗ್ಗುತ್ತೆ ಅಂತ..."

"ಸುಳ್ಳು ಹೇಳ್ಬೇಡ!"

ಸೀಸೆ ತೆಗೆದು ತೋರಿಸಿದೆ, ಹೆಂಡತಿಯಿಂದ ಹೇಳಿಸುತ್ತೇನೆ ಎಂದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಯಾವುದೂ ಅವರಿಗೆ ಕೇಳಿಸಲಿಲ್ಲ. ನನಗೆ ರೇಗಿಹೋಯಿತು. ಒಂದು ಇಡೀ ವರ್ಷ ಬೆಂದದ್ದು ಇದಕ್ಕೇನಾ? ಬಾಯಿ ತೆರೆದು ಏನೋ ಹೇಳಬೇಕೆಂದಿದ್ದೆ. ಅವರು ನನ್ನ ಕೈ ಬಿಟ್ಟಿರಲಿಲ್ಲ. ಅದನ್ನೇ ನೋಡುತ್ತ, ಅಲ್ಲಿಯವರೆಗೆ ಯಾರಿಗೂ ಹೇಳದಿದ್ದನ್ನು ಹೇಳಿದರು.

"ನಿಮ್ಮಣ್ಣನ್ನ ಮನೆಗೆ ತಂದಾಗ ಕೈ ಮುಚ್ಕೊಂಡೇ ಇದ್ರು. ನಾನೇ ಬಿಡಿಸ್ದೆ. ಅಂಗೈ ಮೇಲೆ ತುಪ್ಪ ಹಾಗೇ ಇತ್ತು ಕಣಪ್ಪಾ, ಹರಳು ಹರಳಾಗಿ. ಕರಗಿರ್ಲಿಲ್ಲ. ಕೈ ಅಷ್ಟು ತಣ್ಣಗಿತ್ತು."

ನನ್ನ ಅಂಗೈ ಮೇಲಿದ್ದ ತುಪ್ಪವನ್ನು ಧೋತ್ರಕ್ಕೆ ಒರೆಸಿಕೊಂಡೆ. ಸೀಸೆಯಿಂದ ಮಧ್ಯಾಹ್ನದ ಮಾತ್ರೆಯನ್ನು ಆಗಲೇ ತೆಗೆದು, ಅವರ ಎದುರಿಗೇ ನೀರು ಕುಡಿದು ನುಂಗಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಕೈ ತೊಳೆದು, ಮಣೆಯ ಮೇಲೆ ಕೂತರು. "ಡಬ್ಬ ತರ್ಸು," ಎಂದರು.

ಅಂದಿನಿಂದ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಮಂಡಿಯ ಎದುರಿನ ಹೋಟೆಲಿನಿಂದ ಕಾಫಿ ತರಿಸಿ, ಕುಡಿಯದೆ, ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು, ಕೈ ಕಾಯುವವರೆಗೆ ಕೂರುತ್ತೇನೆ. ಅತ್ತಿಗೆಮ್ಮ ಬರುವುದು ಕಂಡಾಗ ಲೋಟ ಕೆಳಗಿಟ್ಟು ಕೈ ಚಾಚುತ್ತೇನೆ. ಅವರು ಮುಟ್ಟಿ ನೋಡಿ ಒಳಗೆ ಹೋಗುತ್ತಾರೆ. ಆಮೇಲೆ ಆರಿದ ಕಾಫಿ ಕುಡಿಯುತ್ತೇನೆ. ಸಾಹುಕಾರರು ಇದನ್ನು ನೋಡಿಯೂ ನೋಡದವರಂತೆ ಇದ್ದಾರೆ. ಮಂಡಿಯಲ್ಲಿ ತುಪ್ಪ ನೋಡುವುದು ಈಗಲೂ ಅತ್ತಿಗೆಮ್ಮನೇ.